ಕಾಂಗಾದ ಮೇಲೆ ಬ್ರೆಜಿಲ್ ತಾಳ: ಭಾರ ಎರಡನೇ ಹೆಜ್ಜೆಗೆ

ದಾವಣಗೆರೆಯಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾ ನೋಡಿ ಬೆಳೆದವರಿಗೆ ಕಾಂಗಾ ಹೊಸದೇನಲ್ಲ. ಸ್ಟೇಜಿನ ಒಂದು ಮೂಲೆಯಲ್ಲಿ ಸೊಂಟಮಟ್ಟದ ಎರಡು ಡ್ರಮ್ಮು, ಅದರ ಹಿಂದೆ ಬರೀ ಕೈಯಲ್ಲಿ ಬಾರಿಸುವ ಒಬ್ಬರು. ನಮ್ಮ ಕಡೆ ಅದನ್ನು ಕಾಂಗೋ ಅನ್ನುವವರೇ ಜಾಸ್ತಿ. ಸಿನಿಮಾ ಹಾಡಿಗೆ ಅದನ್ನು ಚೆನ್ನಾಗಿ ನುಡಿಸುವವರು ನಮ್ಮಲ್ಲಿ ಇದ್ದಾರೆ. ಆದರೆ ಅದೇ ಡ್ರಮ್ಮಿನಲ್ಲಿ ಬ್ರೆಜಿಲ್‌ನ ಸಾಂಬಾ ತಾಳ ನುಡಿಸಿ ಅಂದರೆ ಕೈ ಎಲ್ಲೋ ತಡವರಿಸುತ್ತದೆ. ಪೆಟ್ಟೆಲ್ಲ ಸರಿಯಾಗಿ ಬೀಳುತ್ತಿರುತ್ತದೆ, ಆದರೂ ಕೇಳಿದರೆ ಸಾಂಬಾ ಅನ್ನಿಸುವುದಿಲ್ಲ. ಯಾಕೆ ಹಾಗಾಗುತ್ತದೆ, ಅದನ್ನು ಹೇಗೆ ಸರಿಮಾಡಿಕೊಳ್ಳಬೇಕು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಾಂಗಾ ಬ್ರೆಜಿಲ್‌ನ ವಾದ್ಯವಲ್ಲ, ಕ್ಯೂಬಾದ್ದು. ಅಲ್ಲಿ ಅದಕ್ಕೆ ತುಂಬದೋರಾ ಅನ್ನುತ್ತಾರೆ. ಬ್ರೆಜಿಲ್‌ನಲ್ಲಿ ಇದರ ದಾಯಾದಿ ಅಂದರೆ ಅಟಬಾಕಿ, ಆಫ್ರಿಕಾ ಮೂಲದ ಕಾಂದೊಂಬ್ಲೆ ಅನ್ನುವ ಧರ್ಮದ ಪೂಜೆಯಲ್ಲೂ, ಕುಣಿತದಂಥ ಕಾಳಗದ ಕಾಪೊಯೇರಾ ಆಟದಲ್ಲೂ ನುಡಿಸುವ ಉದ್ದನೆಯ ಡ್ರಮ್ಮು. ಸಾಂಬಾ ಮೆರವಣಿಗೆಯಲ್ಲಿ ನೋಡಿದರೆ ಕಾಂಗಾ ಕಾಣುವುದಿಲ್ಲ. ಅಲ್ಲಿ ಸುರ್ದೊ ಅನ್ನುವ ದೊಡ್ಡ ಡ್ರಮ್ಮು ಗುಂ ಅನ್ನುತ್ತದೆ, ಪಾಂದೇರೊ ಅನ್ನುವ ನಮ್ಮ ಖಂಜಿರದಂಥ ವಾದ್ಯ ಝಲ್ಲೆನ್ನುತ್ತದೆ, ಅಂಗೈ ಅಗಲದ ತಾಂಬೊರಿಂ ಕಡ್ಡಿಯಲ್ಲಿ ಚುರುಕಾಗಿ ಮಾತಾಡುತ್ತದೆ. ರಿಯೊ ನಗರದ ಒಂದು ದೊಡ್ಡ ಸಾಂಬಾ ಶಾಲೆಯ, ಅಂದರೆ ಮೆರವಣಿಗೆ ಕಟ್ಟುವ ಸಂಘದ, ತಂಡದಲ್ಲಿ 200ಕ್ಕೂ ಹೆಚ್ಚು ಜನ ಹೀಗೆ ಹಂಚಿಕೊಂಡು ಬಾರಿಸುತ್ತಾರೆ. ಅಷ್ಟು ಜನರ ಕೆಲಸದ ತಿರುಳನ್ನು ನಾವು ಎರಡು ಕೈಗೆ ಇಳಿಸಿಕೊಳ್ಳಬೇಕು. ಆದ್ದರಿಂದ ಯಾವ ಪೆಟ್ಟು ಯಾವ ವಾದ್ಯದ ಕೆಲಸ ಮಾಡುತ್ತಿದೆ ಅನ್ನೋದು ತಲೆಯಲ್ಲಿದ್ದರೆ ಕಲಿಯೋದು ಅರ್ಧ ಸುಲಭ.

ಡ್ರಮ್ಮು, ಸ್ಟೂಲು, ಚರ್ಮ

ಎರಡು ಡ್ರಮ್ಮು ಇದ್ದರೆ ಒಳ್ಳೆಯದು: ಮುಂದೆ ಕಾಂಗಾ, ಬಲಕ್ಕೆ ಅದಕ್ಕಿಂತ ಸ್ವಲ್ಪ ಅಗಲದ, ತುಂಬಾ ಅನ್ನುವ ಡ್ರಮ್ಮು. ಸಾಮಾನ್ಯವಾಗಿ ಕಾಂಗಾದ ಬಾಯಿ ಹನ್ನೆರಡು ಇಂಚಿನ ಆಸುಪಾಸು, ತುಂಬಾದ್ದು ಹನ್ನೆರಡೂವರೆ. ಒಂದೇ ಇದ್ದರೂ ತಲೆ ಕೆಡಿಸಿಕೊಳ್ಳಬೇಡಿ, ಕೆಳಗೆ ಹೇಳುವ ಮೊದಲ ತಾಳಕ್ಕೆ ಒಂದೇ ಸಾಕು. ಅದೂ ಇಲ್ಲವಾ? ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಖಾಲಿಯಾದದ್ದನ್ನು ಬೋರಲು ಹಾಕಿಕೊಂಡು ಕೂತುಕೊಳ್ಳಿ. ನಡುವೆ ಹೊಡೆದರೆ ಒಂದು ದನಿ, ಅಂಚಿಗೆ ಹೊಡೆದರೆ ಇನ್ನೊಂದು. ಎರಡು ತಿಂಗಳ ಕೈ ಅಭ್ಯಾಸ ಅದರಲ್ಲೇ ಆಗಿಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ನಾನು ಹಾಗೇ ಒಂದು ತಂದಿದ್ದೆ. ಮನೆಗೆ ತಂದು ಬೋಲ್ಟ್ ಬಿಗಿ ಮಾಡಿದ ಮೇಲೆ ಗೊತ್ತಾಯಿತು, ಬಾಯಂಚಿನ ಮರದಲ್ಲಿ ಒಂದು ಗೇಣು ಸೀಳು, ಅದರ ಮೇಲೆ ಲಪ್ಪ ತುಂಬಿ ಪೇಂಟ್ ಹೊಡೆದಿದ್ದರು. ಚರ್ಮ ಬಿಚ್ಚಿಸಿ, ಬಾಯಂಚಿನ ಸುತ್ತ ಬೆರಳಾಡಿಸಿ ನೋಡಿಯೇ ದುಡ್ಡು ಕೊಡಿ. ನಮ್ಮ ಬೇಸಿಗೆಗೆ ಮರ ಒಣಗಿ ಬಿರಿಯುತ್ತದೆ. ಮನೆಯಲ್ಲಿ ಶೀಟಿನ ಕೋಣೆ ಒಂದೇ ಇರುವುದಾದರೆ ಫೈಬರ್ ಮೈಯದ್ದು ತಗೊಳ್ಳೋದು ಮೇಲು.

ಶ್ರುತಿ ಮಾಡೋದಕ್ಕೆ ಹಾರ್ಮೋನಿಯಂ ಇದ್ದರೆ ಸಾಕು. ತುಂಬಾವನ್ನು ಸ ಅಂತ ಇಟ್ಟುಕೊಂಡು ಕಾಂಗಾವನ್ನು ಅದರ ಶುದ್ಧ ಮ ಸ್ವರಕ್ಕೆ ಏರಿಸಿ. ಸ್ಪ್ಯಾನರ್‌ನಿಂದ ಒಂದೊಂದು ಬೋಲ್ಟನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಸುತ್ತ ಬನ್ನಿ, ಮತ್ತೆ ಕಾಲು ಸುತ್ತು. ಒಂದೇ ಕಡೆ ಎಳೆದರೆ ರಿಂಗು ವಾರೆಯಾಗುತ್ತದೆ. ನಮ್ಮ ಹಲಗೆಯವರು ಜಾತ್ರೆಯಲ್ಲಿ ಹುಲ್ಲು ಉರಿಸಿ ಚರ್ಮ ಕಾಯಿಸಿಕೊಳ್ಳುವುದನ್ನು ನೋಡಿರುತ್ತೀರಲ್ಲ, ಅದನ್ನು ಕಾಂಗಾಕ್ಕೆ ಮಾತ್ರ ಮಾಡಬೇಡಿ, ಮರದ ಅಂಟು ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಚರ್ಮ ಸಡಿಲಾದರೆ ಬೋಲ್ಟ್ ಒಂಚೂರು ಬಿಗಿ ಮಾಡಿ, ನುಡಿಸಿದ ಮೇಲೆ ಮರೆಯದೆ ಅಷ್ಟೇ ಸಡಿಲ ಮಾಡಿ. ನಾನು ಒಂದು ವರ್ಷ ಜುಲೈನಲ್ಲಿ ಬಿಗಿ ಮಾಡಿದ್ದನ್ನು ಹಾಗೇ ಬಿಟ್ಟೆ. ಮಾರ್ಚ್ ಬಿಸಿಲಿಗೆ ಚರ್ಮ ಒಣಗಿ ಕುಗ್ಗಿತು, ಒಂದು ಮಧ್ಯಾಹ್ನ ಯಾರೂ ಮುಟ್ಟದೆಯೇ ಫಟ್ ಅಂತ ಅಂಚಿನಲ್ಲಿ ಹರಿದುಹೋಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಕೂರೋದಕ್ಕೆ ಕೈ ಇಲ್ಲದ ಸ್ಟೂಲು ಬೇಕು. ಪ್ಲಾಸ್ಟಿಕ್ ಕುರ್ಚಿಯ ಕೈ ನಿಮ್ಮ ಮೊಣಕೈಗೆ ಅಡ್ಡ ಬರುತ್ತದೆ. ಕಾಂಗಾವನ್ನು ಮಂಡಿಗಳ ನಡುವೆ ಇಟ್ಟು ಒಂಚೂರು ಮುಂದಕ್ಕೆ ವಾಲಿಸಿಕೊಳ್ಳಿ. ಅದರ ತಳ ತೆರೆದಿರುತ್ತದೆ, ನೆಲಕ್ಕೆ ಪೂರ್ತಿ ಕೂತುಬಿಟ್ಟರೆ ಗಾಳಿ ಹೊರಗೆ ಹೋಗದೆ ತಗ್ಗಿನ ದನಿ ಒಳಗೇ ಉಳಿದುಬಿಡುತ್ತದೆ. ಉಂಗುರ, ವಾಚು ಬಿಚ್ಚಿಡಿ.

ಆರು ಸದ್ದು

ಬರೆಯೋದಕ್ಕೆ ಅನುಕೂಲ ಅಂತ ನಾನು ಪೆಟ್ಟುಗಳಿಗೆ ನನ್ನದೇ ಹೆಸರು ಇಟ್ಟುಕೊಂಡಿದ್ದೇನೆ. ನೀವು ಬೇರೆ ಇಟ್ಟುಕೊಳ್ಳಿ, ಆದರೆ ಬಾಯಲ್ಲಿ ಹೇಳೋದಕ್ಕೆ ಆಗುವಂಥದ್ದೇ ಇರಲಿ.

ತೊಂ: ಇದು ತೆರೆದ ಪೆಟ್ಟು. ನಾಲ್ಕು ಬೆರಳು ಜೋಡಿಸಿ, ಬೆರಳಿನ ಬುಡದ ಗಟ್ಟಿ ಭಾಗ ಡ್ರಮ್ಮಿನ ಅಂಚಿಗೆ ಬರುವ ಹಾಗೆ ಹೊಡೆದು ತಕ್ಷಣ ಎತ್ತಬೇಕು. ಹೆಬ್ಬೆರಳು ಮೇಲಕ್ಕೆ, ಅಂಚಿಗೆ ತಾಗದ ಹಾಗೆ. ದೋಸೆ ಕಾವಲಿ ಕಾದಿದೆಯಾ ಅಂತ ಕೈ ಇಟ್ಟು ನೋಡಿದರೆ ಕೈ ತಾನಾಗಿಯೇ ಹೇಗೆ ಮೇಲೆ ಬರುತ್ತದೆ, ಹಾಗೆ. ಕೈ ಚರ್ಮದ ಮೇಲೆ ಅರೆಕ್ಷಣ ಜಾಸ್ತಿ ನಿಂತರೂ ದನಿ ಸತ್ತುಹೋಗುತ್ತದೆ.

ಗುಂ: ಇದೇ ಪೆಟ್ಟು, ಬಲಗಡೆಯ ತುಂಬಾದ ಮೇಲೆ.

ಟಕ್: ತುಂಬಾದ ಮೇಲೇ, ಆದರೆ ಹೊಡೆದು ಬೆರಳನ್ನು ಒತ್ತಿ ಹಿಡಿಯಬೇಕು. ದನಿ ಹುಟ್ಟಿ ಅಲ್ಲೇ ನಿಲ್ಲುತ್ತದೆ.

ಧಪ್: ಅಂಗೈ ಪೂರ್ತಿ ಚಪ್ಪಟೆಯಾಗಿ ಮುಂದಿನ ಡ್ರಮ್ಮಿನ ನಡುವೆ. ತೋಳಿನ ಭಾರ ಬಿಡಿ, ಒತ್ತಬೇಡಿ.

ಕ: ಬೆರಳ ತುದಿಯಿಂದ ಸುಮ್ನೆ ಸವರಿದಂಥ ಪೆಟ್ಟು. ಎದುರಿಗೆ ಕೂತವರಿಗೆ ಕೇಳಲೇಬೇಕು ಅಂತಿಲ್ಲ, ನಿಮ್ಮ ಕೈಗೆ ಲೆಕ್ಕ ತಪ್ಪದ ಹಾಗೆ ಇಟ್ಟುಕೊಳ್ಳುವ ಪೆಟ್ಟು ಇದು. ಹೊಸಬರು ಎಡವುವುದು ಇಲ್ಲೇ. ಎಲ್ಲ ಪೆಟ್ಟನ್ನೂ ಒಂದೇ ಜೋರಿನಲ್ಲಿ ಹೊಡೆಯುತ್ತಾರೆ, ಕೊನೆಗೆ ಯಾವುದೂ ಎದ್ದು ಕೇಳುವುದಿಲ್ಲ.

ಟಪ್: ಚಾಟಿ ಪೆಟ್ಟು. ಅಂಗೈ ಸ್ವಲ್ಪ ಗುಳಿ ಮಾಡಿ, ಬೆರಳ ತುದಿ ಚರ್ಮಕ್ಕೆ ಬೀಸಿ ಬಡಿಯಬೇಕು. ಇದು ವಾರದಲ್ಲಿ ಬರುವ ವಿದ್ಯೆಯಲ್ಲ, ತಿಂಗಳುಗಟ್ಟಲೆ ಬೇಕು. ಜೋರಾಗಿ ಹೊಡೆದರೆ ಬರುತ್ತದೆ ಅಂದುಕೊಂಡು ಕೈ ಊದಿಸಿಕೊಂಡವರು ತುಂಬ ಜನ. ಬಲಕ್ಕಿಂತ ಮಣಿಕಟ್ಟಿನ ಸಡಿಲ ಮುಖ್ಯ. ನೋವು ಬಂದ ದಿನ ಅಲ್ಲಿಗೇ ನಿಲ್ಲಿಸಿ.

ತಬಲಾ ಕಲಿತು ಬಂದವರಿಗೆ ಒಂದು ಮಾತು. ನಿಮ್ಮ ಬೆರಳು ಒಂದೊಂದಾಗಿ ಓಡೋದಕ್ಕೆ ಹೋಗುತ್ತದೆ, ಅದನ್ನು ತಡೆಯಿರಿ. ಇಲ್ಲಿ ಪೆಟ್ಟು ಭುಜದಿಂದ ಇಳಿದು ಬರಬೇಕು.

ಮೊದಲು ಬಯಾಂವ್

ಜನ ನೇರವಾಗಿ ಸಾಂಬಾಗೆ ಕೈ ಹಾಕುತ್ತಾರೆ. ನಾನು ಮಾತ್ರ ಬಯಾಂವ್‌ನಿಂದ ಶುರು ಮಾಡಿಸುತ್ತೇನೆ. ಇದು ಬ್ರೆಜಿಲ್‌ನ ಈಶಾನ್ಯದ ತಾಳ. ಅಲ್ಲಿ ಸೆರ್ಟಾಂವ್ ಅಂತ ಒಣಭೂಮಿ ಇದೆ. ಮುಳ್ಳಿನ ಗಿಡ, ಕಳ್ಳಿ, ಕೈಕೊಡುವ ಮಳೆ, ಬರ ಬಂದಾಗ ದನಕರು ಬಿಟ್ಟು ಊರು ತೊರೆಯುವ ಜನ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸೀಮೆಯಲ್ಲಿ 1912ರಲ್ಲಿ ಹುಟ್ಟಿದ ಲೂಯಿಸ್ ಗೊಂಜಾಗಾ ಅನ್ನುವ ಹಾಡುಗಾರರು 1940ರ ದಶಕದಲ್ಲಿ ಈ ತಾಳವನ್ನು ಇಡೀ ದೇಶಕ್ಕೆ ಕೇಳಿಸಿದರು. ಅಕಾರ್ಡಿಯನ್, ತ್ರಿಕೋನದ ಕಬ್ಬಿಣದ ಸರಳು, ಜಬುಂಬಾ ಅನ್ನುವ ಎರಡು ಮುಖದ ಡ್ರಮ್ಮು, ಇಷ್ಟೇ ಮೇಳ. ಜಬುಂಬಾವನ್ನು ಹೆಗಲಿಗೆ ನೇತುಹಾಕಿಕೊಂಡು ಒಂದು ಮುಖಕ್ಕೆ ದಪ್ಪ ಕೋಲು, ಇನ್ನೊಂದಕ್ಕೆ ತೆಳು ಕಡ್ಡಿಯಲ್ಲಿ ಬಾರಿಸುತ್ತಾರೆ. ಒಂದು ಕಡೆ ಕೋಲು ಒಂದು ಕಡೆ ಕೈ ಇರುವ ನಮ್ಮ ಡೊಳ್ಳು ನೆನಪಾಗುತ್ತದೆ ಅಲ್ವಾ?

ಲೆಕ್ಕ ನಮಗೆ ಗೊತ್ತಿರುವುದೇ. ಎಂಟು ಅಕ್ಷರ, ಮೂರು ಮೂರು ಎರಡಾಗಿ ಒಡೆದದ್ದು:

ತ ಕಿ ಟ, ತ ಕಿ ಟ, ತ ಕ

ಬಾಯಲ್ಲಿ ಇದನ್ನು ಐದು ನಿಮಿಷ ಹೇಳಿ. ಮೂರು ತ ಇದೆಯಲ್ಲ, ಅಲ್ಲಿ ಮಾತ್ರ ಚಪ್ಪಾಳೆ ಹೊಡೆಯಿರಿ. ಆಮೇಲೆ ಮುಂದಿನ ಡ್ರಮ್ಮಿನ ಮೇಲೆ ಬಲಗೈ, ಎಡಗೈ ತಪ್ಪದೆ ಬದಲಾಯಿಸುತ್ತ ಎಂಟೂ ಅಕ್ಷರ ಕ ಪೆಟ್ಟಿನಲ್ಲಿ ಓಡಿಸಿ. ಕೈ ಓಡುತ್ತಿರುವಾಗಲೇ ಮೂರು ಪೆಟ್ಟನ್ನು ಎತ್ತಿ ಹೊಡೆಯಿರಿ:

ಧಪ್ ಕ ಕ, ತೊಂ ಕ ಕ, ಟಪ್ ಕ

ಬಲಗೈಯಿಂದ ಶುರು ಮಾಡಿದ್ದರೆ ಧಪ್ ಬಲಕ್ಕೆ, ತೊಂ ಎಡಕ್ಕೆ, ಟಪ್ ಮತ್ತೆ ಬಲಕ್ಕೆ ಬರುತ್ತದೆ. ಬರಲಿಲ್ಲ ಅಂದರೆ ಎಲ್ಲೋ ಒಂದು ಕ ನುಂಗಿದ್ದೀರಿ ಅಂತ ಅರ್ಥ. ಧಪ್ ಮತ್ತು ತೊಂ ಜಬುಂಬಾದ ದಪ್ಪ ಕೋಲಿನ ಕೆಲಸ ಮಾಡುತ್ತಿವೆ, ಟಪ್ ತೆಳು ಕಡ್ಡಿಯದ್ದು. ನಿಧಾನವಾಗಿ ಹತ್ತು ದಿನ ಇದನ್ನೇ ನುಡಿಸಿ. ಡೊಳ್ಳು ಬಾರಿಸಿದ ಕೈಗಾದರೆ ಎರಡೇ ದಿನ ಸಾಕಾಗಬಹುದು, ಯಾಕಂದರೆ ಇಲ್ಲಿ ದಪ್ಪ ಪೆಟ್ಟು ಮೊದಲ ಅಕ್ಷರದ ಮೇಲೇ ಬೀಳುತ್ತದೆ. ನಮ್ಮ ಕಿವಿ ಕಾಯುವುದೂ ಅದಕ್ಕೇ.

ಸಾಂಬಾ, ತಿರುಗುವ ಜಾಗ

ಈಗ ನಿಜವಾದ ಕೆಲಸ. ಸಾಂಬಾದಲ್ಲಿ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಎರಡು ಹೆಜ್ಜೆ, ಒಂದೊಂದು ಹೆಜ್ಜೆಗೆ ನಾಲ್ಕು ಅಕ್ಷರ:

ತ ಕ ಧಿ ಮಿ, ತ ಕ ಧಿ ಮಿ

ದೊಡ್ಡ ಸುರ್ದೊ ಡ್ರಮ್ಮಿನ ಗುಂ ಬೀಳುವುದು ಎರಡನೇ ತ ಮೇಲೆ. ಮೊದಲ ತ ಅಲ್ಲಿ ಅದುಮಿದ ಸಣ್ಣ ಸದ್ದು ಅಷ್ಟೇ. ಸಾಂಬಾದ ಗುಟ್ಟು ಇಷ್ಟೇ ನೋಡಿ. ಓದೋದಕ್ಕೆ ಸುಲಭ, ಕಿವಿಗೆ ಹತ್ತಿಸೋದು ಕಷ್ಟ. ನಮ್ಮಲ್ಲಿ ದಪ್ಪ ಪೆಟ್ಟು ಕೇಳಿತು ಅಂದರೆ ಅದೇ ಸಮ, ತಾಳ ಶುರುವಾಗುವ ಜಾಗ, ಅಂತ ಮೈ ತಾನಾಗಿಯೇ ತೀರ್ಮಾನ ಮಾಡಿಬಿಡುತ್ತದೆ. ಗುಂ ಬಿದ್ದ ತಕ್ಷಣ ತಲೆ ಆಡಿಸಿ ಅದನ್ನೇ ಒಂದು ಅಂತ ಎಣಿಸುತ್ತೇವೆ. ಅಲ್ಲಿಗೆ ತಾಳ ತಿರುಗಿಹೋಯಿತು. ಪೆಟ್ಟಿನ ಸಾಲು ಹಾಗೇ ಇದೆ, ಆದರೆ ಹಾಡುವವರು ಒಂದು ಕಡೆ, ನೀವು ಇನ್ನೊಂದು ಕಡೆ.

ನನ್ನ ಅಕ್ಕನ ಮಗ ಜಗಳೂರು ಕಡೆಯ ಡೊಳ್ಳು ತಂಡದಲ್ಲಿ ಚಿಕ್ಕಂದಿನಿಂದ ಬಾರಿಸಿದವನು. ಬಯಾಂವ್ ಎರಡು ದಿನದಲ್ಲಿ ಹಿಡಿದ ಅಂದೆನಲ್ಲ, ಅದು ಅವನನ್ನು ನೋಡಿಯೇ. ಸಾಂಬಾಗೆ ಬಂದಾಗ ಎರಡು ವಾರ ಒಂದೇ ಕಥೆ. ನಾಲ್ಕು ಆವರ್ತ ಸರಿ ಹೋಗುತ್ತಿದ್ದ, ಐದನೆಯದಕ್ಕೆ ಕುತ್ತಿಗೆ ಗುಂ ಕಡೆಗೆ ಬಾಗುತ್ತಿತ್ತು. "ಮಾವ, ನಾನು ಸರಿಯಾಗೇ ಹೊಡಿತಿದೀನಿ, ಸಮ ತಾನಾಗೇ ಜಾರ್ತಿದೆ" ಅಂದ. ಅವನು ಹೇಳಿದ್ದು ನಿಜ. ಕೈಯದ್ದೇನೂ ತಪ್ಪಿರಲಿಲ್ಲ, ಜಾರುತ್ತಿದ್ದದ್ದು ಕಿವಿ.

ಆಮೇಲೆ ಡ್ರಮ್ಮು ಬಿಟ್ಟು ಕಾಲಿಗೆ ಕಲಿಸೋಣ ಅಂದುಕೊಂಡೆವು. ಅವನ ಡೊಳ್ಳು ಕುಣಿತದ ಗೆಜ್ಜೆ ಇತ್ತು. ಅದರಲ್ಲಿ ಒಂದನ್ನು ಬಲಗಾಲಿಗೆ ಮಾತ್ರ ಕಟ್ಟಿಸಿದೆ. ಬೆಳಗ್ಗೆ ಆರಕ್ಕೆ ಕುಂದವಾಡ ಕೆರೆಯ ಏರಿ ಮೇಲೆ ನಡೆಯೋದಕ್ಕೆ ಶುರು ಮಾಡಿದೆವು. ಎಡಗಾಲು ಇಟ್ಟಾಗ ಬಾಯಲ್ಲಿ ಒಂದು, ಬಲಗಾಲು ಇಟ್ಟಾಗ ಎರಡು, ಗೆಜ್ಜೆ ಎರಡಕ್ಕೆ ಘಲ್. ಹೊರಡುವುದು ಯಾವಾಗಲೂ ಎಡಗಾಲಿನಿಂದಲೇ. ಒಂದು ಸುತ್ತು ಬರೀ ಎಣಿಕೆ. ಎರಡನೇ ಸುತ್ತಿಗೆ ಎಣಿಕೆಯ ಬದಲು ತಕಧಿಮಿ. ಎದುರಿಗೆ ವಾಕಿಂಗ್ ಬರುವವರು ಒಂಟಿ ಗೆಜ್ಜೆ ಕೇಳಿ ಕಾಲಿನ ಕಡೆ ನೋಡುತ್ತಿದ್ದರು, ಅವನು ತಲೆ ಎತ್ತಲಿಲ್ಲ. ಆರನೆಯ ದಿನವೋ ಏಳನೆಯ ದಿನವೋ, ನಡೆಯುತ್ತ ನಡೆಯುತ್ತಲೇ ಅವನು ಒಂದು ಹಾಡಿನ ಸಾಲು ಎತ್ತಿಕೊಂಡ. ಸಾಲು ಎಡಗಾಲಿಗೆ ಎದ್ದಿತು, ಗೆಜ್ಜೆ ಬಲಕ್ಕೆ ಬಿತ್ತು, ಕೆರೆ ಏರಿ ಮುಗಿಯುವವರೆಗೂ ಒಂದು ಸಲವೂ ಜಾರಲಿಲ್ಲ. ಅವತ್ತು ಮನೆಗೆ ಬಂದು ಡ್ರಮ್ಮಿನ ಮುಂದೆ ಕೂತಾಗ ಅವನ ಕುತ್ತಿಗೆ ಆಡಲಿಲ್ಲ, ಬಲಗಾಲು ಮಾತ್ರ ನೆಲ ತಟ್ಟುತ್ತಿತ್ತು.

ನಿಮಗೂ ನಾನು ಹೇಳುವುದು ಇದನ್ನೇ. ಡ್ರಮ್ಮು ಮುಟ್ಟುವ ಮೊದಲು ಒಂದು ವಾರ ನಡೆಯಿರಿ. ಗೆಜ್ಜೆ ಇಲ್ಲದಿದ್ದರೆ ಬಲಗಾಲನ್ನು ಒಂಚೂರು ಊರಿ ಇಟ್ಟರೆ ಸಾಕು. ಕಾಲು ಹೇಳಿದ್ದನ್ನು ಕೈ ಕೇಳುತ್ತದೆ.

ಆಮೇಲೆ ಡ್ರಮ್ಮು. ಮೊದಲು ಬಲಗೈ ಒಂದೇ, ತುಂಬಾದ ಮೇಲೆ. ಎಡ ಹಿಮ್ಮಡಿ ತಟ್ಟಿದಾಗ ಟಕ್, ಬಲ ಹಿಮ್ಮಡಿ ತಟ್ಟಿದಾಗ ಗುಂ. ಇದನ್ನು ಹತ್ತು ನಿಮಿಷ ನಿಲ್ಲಿಸದೆ ನುಡಿಸಿ, ಮೇಲೆ ಯಾವುದಾದರೂ ಭಜನೆಯ ಸಾಲು ಹಾಡಿಕೊಳ್ಳಿ. ಹಾಡಿದಾಗ ಗುಂ ಜಾರಿತು ಅಂದರೆ ಮತ್ತೆ ಕೆರೆ ಏರಿಗೆ ಹೋಗಿ.

ಜಾರದಿದ್ದರೆ ಎರಡೂ ಕೈ ಸೇರಿಸಿ. ಬಲ, ಎಡ, ಬಲ, ಎಡ ಅಂತ ಎಂಟು ಅಕ್ಷರ. ಮೊದಲ ಮತ್ತು ಐದನೇ ಅಕ್ಷರಕ್ಕೆ ಬಲಗೈ ತುಂಬಾಗೆ ಹೋಗಿ ಬರುತ್ತದೆ, ಮಿಕ್ಕದ್ದೆಲ್ಲ ಮುಂದಿನ ಕಾಂಗಾದ ಮೇಲೆ:

ಟಕ್ ಕ ಕ ತೊಂ, ಗುಂ ಕ ಕ ತೊಂ

ಎರಡೂ ತೊಂ ಎಡಗೈಗೆ ಬರುತ್ತವೆ. ಅವು ಪಾಂದೇರೊದವರು ನಾಲ್ಕನೇ ಅಕ್ಷರವನ್ನು ಎತ್ತಿ ಹೇಳುವ ರೀತಿ. ಮುಂದಿನ ಹೆಜ್ಜೆಗೆ ಹಿಂದಿನಿಂದ ಒಂದು ಸಣ್ಣ ನೂಕು ಕೊಟ್ಟ ಹಾಗೆ. ಈ ನೂಕು ಇಲ್ಲದಿದ್ದರೆ ಸಾಂಬಾ ಕವಾಯತು ಆಗಿಬಿಡುತ್ತದೆ. ಬಲಗೈಗೆ ಬಲ ಜಾಸ್ತಿ ಇರುವವರು ಎಡಗೈ ತೊಂ ಒಂದನ್ನೇ ದಿನಾ ಐವತ್ತು ಸಲ ಹೊಡೆದು ಎರಡರ ದನಿ ಒಂದೇ ಆಗುವ ಹಾಗೆ ಮಾಡಿಕೊಳ್ಳಿ. ಇದು ಸಾಂಬಾ ನುಡಿಸುವ ಹಲವು ದಾರಿಗಳಲ್ಲಿ ಒಂದು, ಕಲಿಯೋದಕ್ಕೆ ಹಗುರ ಅಂತ ಆರಿಸಿಕೊಂಡದ್ದು. ಇದು ಕೈಗೆ ಕೂತ ಮೇಲೆ ಎರಡನೇ ತೊಂ ಜಾಗಕ್ಕೆ ಟಪ್ ಹಾಕಿ ನೋಡಿ, ಬೇರೆಯೇ ಮುಖ ಬರುತ್ತದೆ.

ವೇಗದ ಬಗ್ಗೆ ಒಂದು ಮಾತು. ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಆಪ್‌ನಲ್ಲಿ ನಿಮಿಷಕ್ಕೆ 60 ಹೆಜ್ಜೆ ಇಟ್ಟುಕೊಂಡು ಶುರು ಮಾಡಿ. ಕಾರ್ನಿವಲ್ ಮೆರವಣಿಗೆಯ ಸಾಂಬಾ 130 ದಾಟಿ ಓಡುತ್ತದೆ, ಆದರೆ ಅದು ನಿಮ್ಮ ಗುರಿಯಾಗಬೇಕಿಲ್ಲ. ಕೂತು ಹಾಡುವ ಸಾಂಬಾ ಅದಕ್ಕಿಂತ ಎಷ್ಟೋ ನಿಧಾನ. 90ರಲ್ಲಿ ತೊಂ ತಿಳಿಯಾಗಿ ಬಂದರೆ ಯಾರ ಜೊತೆ ಬೇಕಾದರೂ ಕೂತು ನುಡಿಸಬಹುದು.

ಇನ್ನೊಂದು ವಿಷಯ, ಇದನ್ನು ಬರೆದು ತೋರಿಸೋದು ಕಷ್ಟ. ಬ್ರೆಜಿಲ್‌ನವರು ನುಡಿಸುವಾಗ ತ ಕ ಧಿ ಮಿ ನಾಲ್ಕೂ ಒಂದೇ ಅಳತೆಯಲ್ಲಿ ಬೀಳುವುದಿಲ್ಲ. ಚೂರು ಹಿಗ್ಗುತ್ತದೆ, ಚೂರು ಕುಗ್ಗುತ್ತದೆ. ಮೆಟ್ರೊನೋಮ್ ಇದನ್ನು ಕಲಿಸುವುದಿಲ್ಲ. ಹೆಜ್ಜೆ ಗಟ್ಟಿಯಾದ ಮೇಲೆ ಅದನ್ನು ಆಫ್ ಮಾಡಿ, ಒಬ್ಬರೇ ಪಾಂದೇರೊ ನುಡಿಸುವ ವೀಡಿಯೊ ಹಾಕಿಕೊಂಡು ಜೊತೆಗೆ ಬರೀ ಕ ಪೆಟ್ಟು ಹೊಡೆಯಿರಿ. ಮದ್ದಳೆಯ ನಡೆ ಮೇಳದ ಜೊತೆ ಕೂತು ಕೂತು ಬರುತ್ತದಲ್ಲ, ಹಾಗೇ ಬರುತ್ತದೆ.

ಇಜೆಶಾ, ನಿಧಾನದ್ದು

ಮೂರನೆಯದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಕಾಂದೊಂಬ್ಲೆಯಲ್ಲಿ ಹಲವು ತಾಳಗಳನ್ನು ಅಟಬಾಕಿಯ ಮೇಲೆ ಕಡ್ಡಿಯಲ್ಲಿ ನುಡಿಸುತ್ತಾರೆ, ಆದರೆ ಇಜೆಶಾ ಬರೀ ಕೈಯದ್ದು. ಆದ್ದರಿಂದ ಕಾಂಗಾದ ಮೇಲೆ ಅದು ಪರಕೀಯ ಅನ್ನಿಸುವುದಿಲ್ಲ. ಇದನ್ನು ಬೀದಿಗೆ ತಂದವರು ಅಫೊಶೆ ಅನ್ನುವ ಮೆರವಣಿಗೆಯ ತಂಡಗಳು. ಅವುಗಳಲ್ಲಿ ದೊಡ್ಡ ಹೆಸರು ಸಾಲ್ವಡೋರ್ ಊರಿನ ಫಿಲ್ಯೋಸ್ ಡಿ ಗಾಂಧಿ, ಅಂದರೆ ಗಾಂಧಿಯ ಮಕ್ಕಳು. ಹೌದು, ನಮ್ಮ ಗಾಂಧಿಯೇ. ಅವರು ತೀರಿಕೊಂಡ ಮರುವರ್ಷ, 1949ರಲ್ಲಿ, ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಕೂಲಿಗಳು ಸೇರಿ ಈ ತಂಡ ಕಟ್ಟಿದರು. ಇವತ್ತಿಗೂ ಕಾರ್ನಿವಲ್‌ನಲ್ಲಿ ಬಿಳಿ ಬಟ್ಟೆ, ಬಿಳಿ ರುಮಾಲು, ನೀಲಿ ಬಿಳಿ ಮಣಿಸರ ಹಾಕಿಕೊಂಡು ಇಜೆಶಾ ನುಡಿಸುತ್ತ ನಡೆಯುತ್ತಾರೆ. ಇದನ್ನು ಮೊದಲ ಸಲ ತಿಳಿದ ದಿನ ನಾನು ತುಂಬಾ ಹೊತ್ತು ಡ್ರಮ್ಮು ಮುಟ್ಟದೆ ಸುಮ್ನೆ ಕೂತಿದ್ದೆ.

ಇದರ ಪೆಟ್ಟಿನ ಸಾಲನ್ನು ಬರೆದುಕೊಡುವುದಿಲ್ಲ. ಇಜೆಶಾದ ಬೆನ್ನೆಲುಬು ಅಗೊಗೊ ಅನ್ನುವ ಎರಡು ಬಾಯಿಯ ಗಂಟೆ. ಒಂದು ಬಾಯಿ ಏರು ದನಿ, ಇನ್ನೊಂದು ತಗ್ಗು. ಆ ಗಂಟೆಯ ಸಾಲು ಬಾಯಿಪಾಠ ಆಗದೆ ಡ್ರಮ್ಮಿಗೆ ಕೈ ಹಾಕಿದರೆ ಅದು ಯಾವ ತಾಳವಾದರೂ ಆಗಬಹುದು, ಇಜೆಶಾ ಆಗುವುದಿಲ್ಲ. ಅಫೊಶೆ ಮೆರವಣಿಗೆಯ ಒಂದು ಧ್ವನಿಮುದ್ರಣ ತಗೊಳ್ಳಿ. ಮೊದಲ ಮೂರು ದಿನ ಗಂಟೆಯನ್ನು ಮಾತ್ರ ಕೇಳಿ, ಬಾಯಲ್ಲಿ ಟಿಂ ಟೊಂ ಅಂತ ಹೇಳಿಕೊಳ್ಳಿ. ನಾಲ್ಕನೇ ದಿನ ಎರಡು ಸ್ಟೀಲ್ ಲೋಟ ಬೋರಲಿಟ್ಟು, ಒಂದು ದೊಡ್ಡದು ಒಂದು ಚಿಕ್ಕದು, ಚಮಚದಲ್ಲಿ ಅದನ್ನೇ ನುಡಿಸಿ. ವಾರ ಕಳೆದ ಮೇಲೆ ಡ್ರಮ್ಮನ್ನು ಕೇಳಿಸಿಕೊಳ್ಳಿ, ತಗ್ಗಿನ ದನಿ ಗಂಟೆಯ ಯಾವ ಏಟಿನ ಜೊತೆ ಬರುತ್ತಿದೆ ಅಂತ ಹುಡುಕಿ, ಒಂದೊಂದೇ ಪೆಟ್ಟು ಸೇರಿಸುತ್ತ ಹೋಗಿ.

ಇಬ್ಬರಿದ್ದರೆ ಒಬ್ಬರು ಲೋಟ, ಒಬ್ಬರು ಡ್ರಮ್ಮು. ನಮ್ಮ ಮನೆಯಲ್ಲಿ ಲೋಟ ಅಕ್ಕನ ಮಗನದ್ದು. ರಾತ್ರಿ ಎಂಟರ ಮೇಲೆ ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ಕಾಂಗಾದ ಮೇಲೆ ಒಂದು ಟವೆಲ್ ಮಡಿಸಿ ಹಾಸಿಕೊಳ್ಳುತ್ತೇವೆ. ಆಗ ಗುಂ ಅಷ್ಟಾಗಿ ಕೇಳುವುದಿಲ್ಲ, ಲೋಟದ ದನಿ ಮಾತ್ರ ನಿಚ್ಚಳವಾಗಿರುತ್ತದೆ, ಅವನ ಬಲಗಾಲು ಕೆಳಗೆ ನೆಲ ತಟ್ಟುತ್ತಿರುತ್ತದೆ.